ಡಿಎನ್‌ಎ ದುರಸ್ತಿ ಓದುವವರಿಗೆ ಆಲ್ಫಾಫೋಲ್ಡ್ ಸರ್ವರ್ ಎಷ್ಟು ದೂರ ಜೊತೆ ಬರುತ್ತದೆ?

ಮೈಸೂರು, ಮಂಡ್ಯ ಕಡೆ ಜೀವರಸಾಯನ, ಬಯೋಟೆಕ್ನಾಲಜಿ, ಜೆನೆಟಿಕ್ಸ್ ಎಂ.ಎಸ್ಸಿ. ಮಾಡುವವರು ಡಿಎನ್‌ಎ ದುರಸ್ತಿ ಅಥವಾ ರೆಪ್ಲಿಕೇಶನ್ (ಡಿಎನ್‌ಎ ನಕಲಾಗುವಿಕೆ) ಮೇಲೆ ಪ್ರಾಜೆಕ್ಟ್ ಹಿಡಿದರೆ ತೆರೆಯಲೇಬೇಕಾದ ಸೇವೆ ಆಲ್ಫಾಫೋಲ್ಡ್ ಸರ್ವರ್: ಅನುಕ್ರಮ, ಅಂದರೆ ಅಮೈನೋ ಆಮ್ಲಗಳ ಅಥವಾ ಡಿಎನ್‌ಎ ಅಕ್ಷರಗಳ ಸಾಲು ಕೊಟ್ಟರೆ ಮೂರು ಆಯಾಮದ ರಚನೆಯನ್ನು ಊಹಿಸಿಕೊಡುವ ಜಾಲತಾಣ. ಹಣ ಕೊಡಬೇಕಿಲ್ಲ, ದೊಡ್ಡ ಕಂಪ್ಯೂಟರ್ ಬೇಕಿಲ್ಲ. ಒಂದು ಪ್ರೋಟೀನು ಡಿಎನ್‌ಎ ಮೇಲೆ ಎಲ್ಲಿ, ಯಾವ ಮಗ್ಗುಲಿಗೆ ಕೂರುತ್ತದೆ ಎಂದು ಕೇಳಿದರೆ ಬಹಳ ಸಲ ಸರಿಯಾದ ಉತ್ತರವೇ ಸಿಗುತ್ತದೆ. ಆದರೆ ಕೋಟ್ಯಂತರ ಸರಿಯಾದ ಬೇಸುಗಳ (ಡಿಎನ್‌ಎಯ ಅಕ್ಷರಗಳ) ನಡುವೆ ಕೆಟ್ಟದ್ದೊಂದನ್ನು ಆ ಪ್ರೋಟೀನು ಹೇಗೆ ಗುರುತು ಹಿಡಿಯುತ್ತದೆ ಎಂದು ಕೇಳಿದರೆ ಉತ್ತರ ಇದರ ಬಳಿ ಇಲ್ಲ. ಇಲ್ಲ ಎಂದು ಅದು ಹೇಳುವುದೂ ಇಲ್ಲ, ನೋಡಲು ಚೆಂದವಾದ ಚಿತ್ರವೊಂದನ್ನು ಕೊಟ್ಟುಬಿಡುತ್ತದೆ. ದುರಸ್ತಿಯ ವಿಜ್ಞಾನದಲ್ಲಿ ಈ ಎರಡನೆಯ ಪ್ರಶ್ನೆಯೇ ದೊಡ್ಡದಾದ್ದರಿಂದ, ಗೆರೆ ಎಲ್ಲಿದೆ ಎಂದು ತಿಳಿದುಕೊಂಡೇ ಈ ಸೇವೆಯನ್ನು ಬಳಸಬೇಕು.

ಮೊದಲು ಸೇವೆಯ ಸ್ವರೂಪ. ಗೂಗಲ್ ಡೀಪ್‌ಮೈಂಡ್ ಮತ್ತು ಐಸೊಮಾರ್ಫಿಕ್ ಲ್ಯಾಬ್ಸ್ 2024ರ ಮೇ ತಿಂಗಳಲ್ಲಿ ಆಲ್ಫಾಫೋಲ್ಡ್ 3 ಮಾದರಿಯನ್ನು ಪ್ರಕಟಿಸಿದಾಗಲೇ ಈ ಸರ್ವರ್ ತೆರೆಯಿತು. ಹಿಂದಿನ ಆವೃತ್ತಿ ಪ್ರೋಟೀನಿಗೆ ಮಾತ್ರ ಸೀಮಿತವಾಗಿತ್ತು; ಇದು ಡಿಎನ್‌ಎ, ಆರ್‌ಎನ್‌ಎ, ಲೋಹದ ಅಯಾನು, ಕೆಲವು ಸಣ್ಣ ಅಣುಗಳನ್ನೂ ಒಟ್ಟಿಗೆ ಇಟ್ಟು ಮಡಿಸುತ್ತದೆ. ದುರಸ್ತಿ ಓದುವವರಿಗೆ ದೊಡ್ಡ ಲಾಭ ಇದೇ, ಏಕೆಂದರೆ ಡಿಎನ್‌ಎ ಇಲ್ಲದ ದುರಸ್ತಿ ಪ್ರೋಟೀನಿನ ಚಿತ್ರ ಅರ್ಧ ಚಿತ್ರ. ಗೂಗಲ್ ಖಾತೆ ಇದ್ದರೆ ಸಾಕು. ದಿನಕ್ಕೆ ಇಷ್ಟೇ ಕೆಲಸ ಎಂಬ ಮಿತಿ ಇದೆ. ಆರಂಭದಲ್ಲಿ 10 ಇದ್ದದ್ದನ್ನು ಆಮೇಲೆ ಹೆಚ್ಚಿಸಿದರು. ಒಂದು ಕೆಲಸಕ್ಕೆ 5000 ಟೋಕನ್ ಮಿತಿ; ಟೋಕನ್ ಎಂದರೆ ಗಾತ್ರ ಎಣಿಸುವ ಘಟಕ. ಒಂದು ಅಮೈನೋ ಆಮ್ಲಕ್ಕೆ 1, ಒಂದು ನ್ಯೂಕ್ಲಿಯೋಟೈಡಿಗೆ 1, ಒಂದು ಅಯಾನಿಗೆ 1. ಸಣ್ಣ ಅಣುವಿಗೆ ಮಾತ್ರ ಹೈಡ್ರೋಜನ್ ಬಿಟ್ಟು ಉಳಿದ ಪ್ರತಿ ಪರಮಾಣುವಿಗೂ 1: ಒಂದು ಎಟಿಪಿಗೆ 31, ಒಂದು ಎಫ್‌ಎಡಿಗೆ 53.

ಇದೇ ಮಾದರಿಯ ಕೋಡನ್ನು 2024ರ ನವೆಂಬರ್‌ನಲ್ಲಿ ಶೈಕ್ಷಣಿಕ ಬಳಕೆಗೆ ಬಿಟ್ಟಿದ್ದಾರೆ. ಆದರೆ ಅದನ್ನು ವಿಭಾಗದ ಲ್ಯಾಬಿನಲ್ಲಿ ನಡೆಸಲು ಒಳ್ಳೆಯ ಜಿಪಿಯು, ಅನುಕ್ರಮಗಳ ದತ್ತಾಂಶಕ್ಕೆ ಸುಮಾರು 1 ಟೆರಾಬೈಟ್ ಜಾಗ, ಲಿನಕ್ಸ್ ಬಲ್ಲ ಒಬ್ಬರು ಬೇಕು. ಪ್ರಯೋಗದ ದಾರಿ ಇನ್ನೂ ಉದ್ದ. ಮಾನಸಗಂಗೋತ್ರಿಯ ಭೌತವಿಜ್ಞಾನ ವಿಭಾಗದಲ್ಲಿ ಸಣ್ಣ ಅಣುಗಳ ಏಕಹರಳು ಎಕ್ಸ್‌ರೇ ವಿವರ್ತನೆಗೆ (ಹರಳಿಗೆ ಎಕ್ಸ್‌ರೇ ಹಾಯಿಸಿ ಅಣುವಿನ ರಚನೆ ತಿಳಿಯುವ ವಿಧಾನಕ್ಕೆ) ದಶಕಗಳ ಪರಂಪರೆ ಇದೆ. ಪ್ರೋಟೀನಿನ ಮಾತು ಬೇರೆ: ಶುದ್ಧ ಪ್ರೋಟೀನು ಮಿಲಿಗ್ರಾಂ ಲೆಕ್ಕದಲ್ಲಿ ಬೇಕು, ಹರಳು ಕಟ್ಟುವ ದ್ರಾವಣಗಳನ್ನು ನೂರಾರು ಪರೀಕ್ಷಿಸಬೇಕು, ಕೊನೆಗೆ ಪ್ರಬಲ ಎಕ್ಸ್‌ರೇ ಕೊಡುವ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಂಥ ಕಡೆಗೆ ಒಯ್ಯಬೇಕು. ಒಂದು ಸೆಮಿಸ್ಟರಿನಲ್ಲಿ ಮುಗಿಯುವ ಕೆಲಸವಲ್ಲ. ಸರ್ವರ್ ಅದೇ ಅನುಕ್ರಮಕ್ಕೆ ಸಾಮಾನ್ಯವಾಗಿ ನಿಮಿಷಗಳಲ್ಲಿ ಊಹೆ ಕೊಡುತ್ತದೆ.

ಹೊಸಬರು ಪಿಸಿಎನ್‌ಎಯಿಂದ ಶುರು ಮಾಡುವುದು ಒಳ್ಳೆಯದು. ಡಿಎನ್‌ಎ ನಕಲಾಗುವಾಗ ಆ ಕೆಲಸ ಮಾಡುವ ಕಿಣ್ವವಾದ ಪಾಲಿಮರೇಸ್ ಜಾರಿಬೀಳದಂತೆ ಹಿಡಿದಿಡುವ ಉಂಗುರ ಇದು. ಮಾನವನ ಪಿಸಿಎನ್‌ಎಗೆ 261 ಅಮೈನೋ ಆಮ್ಲ, ಮೂರು ಪ್ರತಿ ಸೇರಿದರೆ ಉಂಗುರ. ಪ್ರೋಟೀನ್ ಅನುಕ್ರಮಗಳ ಸಂಗ್ರಹವಾದ ಯುನಿಪ್ರಾಟ್‌ನಲ್ಲಿ ಪಿ12004 ಸಂಖ್ಯೆಯಿಂದ ಅನುಕ್ರಮ ತಂದು ಪ್ರೋಟೀನ್ ಸಾಲಿನಲ್ಲಿ ಅಂಟಿಸಿ, ಪ್ರತಿಗಳ ಸಂಖ್ಯೆ 3 ಎಂದು ಕೊಡಿ. ಎರಡನೆಯ ಸಾಲಿನಲ್ಲಿ ಕೋಶ ವಿಭಜನೆಗೆ ತಡೆ ಹಾಕುವ ಪಿ21 ಪ್ರೋಟೀನಿನ 139ರಿಂದ 160ರವರೆಗಿನ 22 ಅಮೈನೋ ಆಮ್ಲದ ತುಣುಕು, ಅದಕ್ಕೂ 3 ಪ್ರತಿ. ಒಟ್ಟು 849 ಟೋಕನ್. ಪ್ರತಿಗಳನ್ನು 1 ಎಂದೇ ಬಿಟ್ಟು ಉಂಗುರ ಬರಲಿಲ್ಲ ಎನ್ನುವುದು ತೀರ ಸಾಮಾನ್ಯ ತಪ್ಪು. ಎಷ್ಟು ಸೇರಿ ಕೆಲಸ ಮಾಡುತ್ತವೆ ಎಂಬುದನ್ನು ಸರ್ವರ್ ತಾನಾಗಿ ಕಂಡುಹಿಡಿಯುವುದಿಲ್ಲ, ಬಳಸುವವರೇ ಹೇಳಬೇಕು.

ಬಂದ ಫಲಿತಾಂಶವನ್ನು ಪ್ರಯೋಗದಿಂದ ಬಿಡಿಸಿದ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನ 1ಎಎಕ್ಸ್‌ಸಿ ಜೊತೆ ಇಟ್ಟು ನೋಡಿ. 1996ರಲ್ಲಿ 2.6 ಆಂಗ್‌ಸ್ಟ್ರಮ್ ಸ್ಪಷ್ಟತೆಯಲ್ಲಿ ಬಿಡಿಸಿದ ಇದೇ ಜೋಡಿಯ ರಚನೆ ಅದು. ಪಿ21ರ ಮೆಥಿಯೋನಿನ್ 147, ಫಿನೈಲಲನಿನ್ 150, ಟೈರೋಸಿನ್ 151 ಈ ಮೂರೂ ಪಿಸಿಎನ್‌ಎಯ ಎರಡು ಡೊಮೇನುಗಳನ್ನು ಜೋಡಿಸುವ ಲೂಪಿನ ಅಡಿಯ ಎಣ್ಣೆಪ್ರಿಯ ಹಳ್ಳದಲ್ಲಿ ಕೂತಿವೆಯೇ, ಗ್ಲುಟಮೀನ್ 144 ಪಕ್ಕದ ಪುಟ್ಟ ಗೂಡಿಗೆ ಬಿದ್ದಿದೆಯೇ ಎಂದು ಪರೀಕ್ಷಿಸಿ. ಪಾಲಿಮರೇಸ್, ಫ್ಲಾಪ್ ಕತ್ತರಿಸುವ ಎಫ್‌ಇಎನ್1, ಲಿಗೇಸ್ ಇವೆಲ್ಲ ಹಿಡಿದುಕೊಳ್ಳುವುದು ಇದೇ ಹಳ್ಳವನ್ನು. ಆ ಜಾಗ ಪಿ21 ವಶವಾದರೆ ನಕಲು ಕೆಲಸ ಏಕೆ ನಿಲ್ಲುತ್ತದೆ ಎಂಬುದು ಚಿತ್ರ ನೋಡಿದರೆ ಅರ್ಥವಾಗುತ್ತದೆ. ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೆ ಇಲ್ಲೊಂದು ಎಚ್ಚರ. ಹೊಂದಾಣಿಕೆ ಚೆನ್ನಾಗಿ ಬಂತು ಎಂದ ಮಾತ್ರಕ್ಕೆ ಸರ್ವರ್ ಪರೀಕ್ಷೆ ಪಾಸಾಯಿತು ಎಂದು ಬರೆಯಬಾರದು. ಮಾದರಿಗೆ ಕಲಿಸಿದ್ದು 2021ರ ಸೆಪ್ಟೆಂಬರ್ 30ರವರೆಗೆ ಬ್ಯಾಂಕಿಗೆ ಬಂದ ರಚನೆಗಳನ್ನು. 1ಎಎಕ್ಸ್‌ಸಿ ಅದು ಓದಿಕೊಂಡ ಪಾಠದಲ್ಲೇ ಇದೆ. ನಿಜವಾದ ಪರೀಕ್ಷೆ ಬೇಕಿದ್ದರೆ ಆ ದಿನಾಂಕದ ನಂತರ ಬಿಡುಗಡೆಯಾದ, ಹಿಂದಿನ ಯಾವುದನ್ನೂ ಹೋಲದ ರಚನೆ ಹುಡುಕಬೇಕು. ಪ್ರಾಜೆಕ್ಟ್ ವರದಿಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದು ಈ ಒಂದು ವಾಕ್ಯವೇ.

ಅಂಕಗಳನ್ನು ಓದುವ ಬಗೆ. ಬಣ್ಣ ಹೇಳುವುದು ಪಿಎಲ್‌ಡಿಡಿಟಿ: ಕಡುನೀಲಿ ಎಂದರೆ 90ಕ್ಕಿಂತ ಮೇಲೆ, ತಿಳಿನೀಲಿ 70ರಿಂದ 90, ಹಳದಿ 50ರಿಂದ 70, ಕಿತ್ತಳೆ 50ಕ್ಕಿಂತ ಕೆಳಗೆ. ಇದು ಆಯಾ ಜಾಗದ ಸುತ್ತಮುತ್ತಲಿನ ವಿಶ್ವಾಸ ಮಾತ್ರ. ಎರಡು ಸರಪಳಿಗಳು ಒಂದಕ್ಕೊಂದು ಸರಿಯಾಗಿ ಕೂತಿವೆಯೇ ಎಂಬುದಕ್ಕೆ ಐಪಿಟಿಎಂ ನೋಡಬೇಕು. 0.8ಕ್ಕಿಂತ ಮೇಲಿದ್ದರೆ ನಂಬಬಹುದು, 0.6ಕ್ಕಿಂತ ಕೆಳಗಿದ್ದರೆ ಬಹುತೇಕ ತಪ್ಪು, ನಡುವಿನದು ಎರಡೂ ಆಗಬಹುದು. ಪಿಎಇ, ಅಂದರೆ ಭಾಗಗಳ ಪರಸ್ಪರ ಸ್ಥಾನದಲ್ಲಿ ಎಷ್ಟು ತಪ್ಪಿರಬಹುದು ಎಂದು ತೋರಿಸುವ ಚೌಕದಲ್ಲಿ ಪ್ರೋಟೀನು ಮತ್ತು ಡಿಎನ್‌ಎ ಸಂಧಿಸುವ ಭಾಗ ಗಾಢ ಹಸಿರಾಗಿದ್ದರೆ ಅವುಗಳ ಪರಸ್ಪರ ಸ್ಥಾನದ ಬಗ್ಗೆ ಮಾದರಿಗೆ ಭರವಸೆ ಇದೆ ಎಂದರ್ಥ.

ದುರಸ್ತಿಯ ಕೆಲಸದಲ್ಲಿ ಕೈಕೊಡುವ ವಿಷಯವೊಂದಿದೆ. ಪಿಟಿಎಂ ಬಗೆಯ ಅಂಕ (ಒಟ್ಟು ರಚನೆಯ ಮೇಲಿನ ಭರವಸೆ; ಐಪಿಟಿಎಂ ಇದೇ ಕುಟುಂಬದ್ದು) ಚಿಕ್ಕ ಸರಪಳಿಗಳ ಮೇಲೆ ವಿಪರೀತ ಕಟ್ಟುನಿಟ್ಟು. 20 ಟೋಕನ್‌ಗಿಂತ ಕಡಿಮೆ ಇದ್ದರೆ ಸರಿಯಾದ ರಚನೆಗೂ 0.05ಕ್ಕಿಂತ ಕಡಿಮೆ ಬರಬಹುದು. 11 ಬೇಸಿನ ಡಿಎನ್‌ಎ ತುಣುಕು ಹಾಕಿ, ಅಂಕ ಕಮ್ಮಿ ಬಂತೆಂದು ಕೈಬಿಟ್ಟರೆ ಒಳ್ಳೆಯ ಮಾದರಿಯನ್ನು ಎಸೆದಂತಾಗಬಹುದು. ಅಂಥಲ್ಲಿ ಪಿಎಇ ಮತ್ತು ಪಿಎಲ್‌ಡಿಡಿಟಿಯನ್ನೇ ನೆಚ್ಚಿಕೊಳ್ಳಬೇಕು. ಡೌನ್‌ಲೋಡ್ ಆಗುವ ಜಿಪ್ ಕಡತದ ಸಾರಾಂಶ ಫೈಲಿನಲ್ಲಿ ಪ್ರತಿ ಜೋಡಿ ಸರಪಳಿಗೂ ಪ್ರತ್ಯೇಕ ಐಪಿಟಿಎಂ ಇರುತ್ತದೆ. ಪರದೆಯಲ್ಲಿ ಕಾಣುವ ಒಟ್ಟು ಅಂಕಕ್ಕಿಂತ ಅದು ಬಹಳ ಉಪಯುಕ್ತ, ಆದರೂ ತೆರೆದು ನೋಡುವವರು ಕಡಿಮೆ.

ಇನ್ನು ಮುಖ್ಯ ವಿಷಯಕ್ಕೆ, ಅಂದರೆ ಕೆಟ್ಟ ಬೇಸಿಗೆ ಬರೋಣ. ಸರ್ವರಿನಲ್ಲಿ ಡಿಎನ್‌ಎಗೆ ಕೊಡಬಹುದಾದ ಮಾರ್ಪಾಡುಗಳ ಪುಟ್ಟ ಪಟ್ಟಿಯೊಂದಿದೆ, ದುರಸ್ತಿ ಓದುವವರಿಗೆ ಅದು ನಿಧಿ. 8-ಆಕ್ಸೊಗ್ವಾನಿನ್, ಒ6-ಮೀಥೈಲ್‌ಗ್ವಾನಿನ್, ಬೇಸು ಕಳಚಿಹೋದ ಖಾಲಿ ಸಕ್ಕರೆಯ ತದ್ರೂಪ, ಮೀಥೈಲ್, ಫಾರ್ಮೈಲ್, ಕಾರ್ಬಾಕ್ಸಿ ಗುಂಪು ಹೊತ್ತ ಸೈಟೊಸಿನ್‌ಗಳು ಅಲ್ಲಿವೆ. ಒಜಿಜಿ1, ಎಂಜಿಎಂಟಿ, ಎಪಿಇ1, ಟಿಡಿಜಿ ಎಂಬ ನಾಲ್ಕು ದುರಸ್ತಿ ಕಿಣ್ವಗಳಿಗೆ ಅವುಗಳದ್ದೇ ತಿನಿಸು ಸಿಕ್ಕಂತಾಯಿತು. ಆದರೆ ಬಿಸಿಲಿನ ಅತಿನೇರಳೆ ಕಿರಣದಿಂದಾಗುವ ಥೈಮಿನ್ ಜೋಡಿ (ಬೆಸೆದುಕೊಂಡ ಅಕ್ಕಪಕ್ಕದ ಎರಡು ಥೈಮಿನ್) ಇಲ್ಲ, ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್ ಹಾಕುವ ಗಂಟೂ ಇಲ್ಲ. ಬೇಕಾದ ಕಡೆ ಕೋವೇಲೆಂಟ್ ಬಂಧ ಹೆಣೆಯುವ ಸೌಲಭ್ಯವೂ ಸರ್ವರಿನಲ್ಲಿಲ್ಲ. ಹಾಗಾಗಿ ಪಿಸಿಎನ್‌ಎಯ ಲೈಸಿನ್ 164ಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಅಂಟಿಸಿ, ಹಾನಿ ದಾಟುವ ಪಾಲಿಮರೇಸ್ ಹೇಗೆ ಬರುತ್ತದೆ ಎಂದು ನೋಡುವ ಆಸೆ ಇಲ್ಲಿ ಈಡೇರದು.

ಒಜಿಜಿ1 ತೆಗೆದುಕೊಳ್ಳಿ, ಯುನಿಪ್ರಾಟ್ ಓ15527, 345 ಅಮೈನೋ ಆಮ್ಲ. ಆಮ್ಲಜನಕದ ದಾಳಿಗೆ ಸಿಕ್ಕಿ 8-ಆಕ್ಸೊಗ್ವಾನಿನ್ ಆದ ಬೇಸನ್ನು ಡಿಎನ್‌ಎಯಿಂದ ಕಿತ್ತುಹಾಕುವುದು ಇದರ ಕೆಲಸ. ಡಿಎನ್‌ಎ ಸಾಲಿನಲ್ಲಿ 15 ಬೇಸಿನ ಅನುಕ್ರಮವನ್ನು 5 ಪ್ರೈಮ್‌ನಿಂದ 3 ಪ್ರೈಮ್ ದಿಕ್ಕಿನಲ್ಲಿ ಬರೆದು, ನಡುವೆ ಎಂಟನೆಯದು ಗ್ವಾನಿನ್ ಇರುವಂತೆ ನೋಡಿಕೊಳ್ಳಿ. ಮೆನುವಿನಿಂದ ಪೂರಕ ಎಳೆಯನ್ನು ಸೇರಿಸಿ. ಆಮೇಲೆ ಮೊದಲ ಎಳೆಯ ಎಂಟನೆಯ ಸ್ಥಾನಕ್ಕೆ 8-ಆಕ್ಸೊ ಮಾರ್ಪಾಡು ಕೊಡಿ. ಪೂರಕ ಎಳೆ ತಾನಾಗಿ ಬಂದಾಗ ಎದುರಿಗೆ ಸೈಟೊಸಿನ್ ಕೂರುತ್ತದೆ, ಒಜಿಜಿ1ಗೆ ಅದೇ ಸರಿ. ಎಂಯುಟಿವೈಎಚ್ ಕಿಣ್ವ ನೋಡುವವರು ಮಾತ್ರ ಎರಡನೆಯ ಎಳೆಯನ್ನು ಕೈಯಿಂದಲೇ ಬರೆದು, ಎದುರಿಗೆ ಅಡೆನಿನ್ ಇಡಬೇಕು. ಆ ಕಿಣ್ವ ಕೀಳುವುದು 8-ಆಕ್ಸೊಗ್ವಾನಿನ್ ಎದುರು ತಪ್ಪಾಗಿ ಬಂದು ಕೂತ ಅಡೆನಿನ್ನನ್ನು.

ಹೋಲಿಕೆಗೆ ಇರುವುದು 1ಇಬಿಎಂ, 2000ನೇ ಇಸವಿಯ 2.1 ಆಂಗ್‌ಸ್ಟ್ರಮ್ ರಚನೆ. ಅದರಲ್ಲಿ ಲೈಸಿನ್ 249ನ್ನು ಗ್ಲುಟಮೀನ್ ಆಗಿ ಬದಲಿಸಿದ್ದಾರೆ. ಆ ಲೈಸಿನ್ ಇದ್ದರೆ ಹರಳು ಕಟ್ಟುವಷ್ಟರಲ್ಲಿ ಕಿಣ್ವ ಬೇಸನ್ನು ಕತ್ತರಿಸಿ ಮುಗಿಸಿರುತ್ತದೆ. ಅದಿಲ್ಲದಿದ್ದರೆ ಹಿಡಿಯುತ್ತದೆ, ಕತ್ತರಿಸಲಾರದು. ರಚನೆಯಲ್ಲಿ ಡಿಎನ್‌ಎ ಸುಮಾರು 70 ಡಿಗ್ರಿ ಬಾಗಿದೆ, ಕೆಟ್ಟ ಬೇಸು ಸುರುಳಿಯಿಂದ ಪೂರ್ತಿ ಹೊರಳಿ ಕಿಣ್ವದ ಗೂಡಿನೊಳಗೆ ಹೋಗಿದೆ, ಒಂಟಿಯಾದ ಸೈಟೊಸಿನ್ ಬಳಿಯ ಜಾಗವನ್ನು ಆಸ್ಪರಜಿನ್ 149 ತುಂಬಿದೆ. ಗೂಡಿನಲ್ಲಿ ಗ್ಲೈಸಿನ್ 42ರ ಕಾರ್ಬೊನಿಲ್ ಆಮ್ಲಜನಕ ಬೇಸಿನ ಏಳನೆಯ ಸಾರಜನಕದ ಮೇಲಿರುವ ಹೈಡ್ರೋಜನ್ನನ್ನು ಹಿಡಿದಿದೆ. ಸಾಮಾನ್ಯ ಗ್ವಾನಿನ್‌ನಲ್ಲಿ ಆ ಹೈಡ್ರೋಜನ್ ಇರುವುದೇ ಇಲ್ಲ. ಗುರುತು ಹಿಡಿಯುವಿಕೆಯ ಬಹುಪಾಲು ಈ ಒಂದು ಹೈಡ್ರೋಜನ್ ಬಂಧದ ಮೇಲೆ ನಿಂತಿದೆ.

ಸರ್ವರ್ ಕೊಡುವ ಕಡತದಲ್ಲಿ ಹೈಡ್ರೋಜನ್ ಪರಮಾಣುಗಳಿಲ್ಲ, ನೀರಿನ ಅಣುಗಳೂ ಇಲ್ಲ. ಅಂದಮೇಲೆ ತೀರ್ಮಾನ ನಡೆಯುವ ಜಾಗವೇ ಚಿತ್ರದಿಂದ ಹೊರಗಿದೆ. ಹಾಗಾಗಿ ಪ್ರತಿಯೊಬ್ಬರೂ ಮಾಡಲೇಬೇಕಾದ ನಿಯಂತ್ರಣ ಪ್ರಯೋಗ ಇದು: ಅದೇ ಅನುಕ್ರಮ, ಅದೇ ಸೀಡ್ (ಊಹೆ ಶುರುವಾಗುವ ಯಾದೃಚ್ಛಿಕ ಸಂಖ್ಯೆ), 8-ಆಕ್ಸೊ ಮಾರ್ಪಾಡು ಮಾತ್ರ ತೆಗೆದುಹಾಕಿ ಮತ್ತೊಮ್ಮೆ ನಡೆಸಿ. ಸಾಮಾನ್ಯ ಗ್ವಾನಿನ್ ಕೂಡ ಹೊರಳಿ ಗೂಡಿನಲ್ಲಿ ಕೂತ ಚಿತ್ರವೇ ಬಂದರೆ ಆಶ್ಚರ್ಯಪಡಬೇಕಿಲ್ಲ. ಮಾದರಿ ಕಲಿತದ್ದು ಬ್ಯಾಂಕಿನಲ್ಲಿರುವ ರಚನೆಗಳಿಂದ, ಬ್ಯಾಂಕಿನಲ್ಲಿ ಇರುವುದು ಬಹುಮಟ್ಟಿಗೆ ಹಿಡಿದುಕೊಂಡ ಸ್ಥಿತಿಯ ರಚನೆಗಳು. ಹಿಡಿಯದೆ ಮುಂದೆ ಸಾಗಿದ ಸ್ಥಿತಿಗಳು ಹರಳಾಗುವುದು ಅಪರೂಪ. ಒಜಿಜಿ1 ವಿಷಯದಲ್ಲಿ ಅದೃಷ್ಟಕ್ಕೆ ಅಂಥದ್ದೊಂದು ಇದೆ. 1ವೈಕ್ಯೂಕೆ, 2005ರದ್ದು. ಡೈಸಲ್ಫೈಡ್ ಬಂಧದಿಂದ ಕಿಣ್ವವನ್ನು ಡಿಎನ್‌ಎಗೆ ಕಟ್ಟಿಹಾಕಿ ಸಾಮಾನ್ಯ ಗ್ವಾನಿನ್ ಎದುರು ನಿಲ್ಲಿಸಿದಾಗ, ಆ ಗ್ವಾನಿನ್ ಸುರುಳಿಯಿಂದ ಹೊರಬಂದರೂ ಗೂಡಿನೊಳಗೆ ಹೋಗದೆ ಹೊರಗಿನ ಇನ್ನೊಂದು ತಾಣದಲ್ಲಿ ನಿಂತುಬಿಟ್ಟಿತ್ತು. ಸರ್ವರಿನ ಎರಡೂ ಫಲಿತಾಂಶಗಳನ್ನು ಈ ಎರಡು ಹರಳು ರಚನೆಗಳ ಪಕ್ಕ ಇಟ್ಟು ಒಂದು ಅಧ್ಯಾಯ ಬರೆದರೆ, ಹತ್ತು ಪ್ರೋಟೀನುಗಳ ಬಣ್ಣದ ಚಿತ್ರ ಅಂಟಿಸಿದ ವರದಿಗಿಂತ ಎಷ್ಟೋ ಮೇಲು.

ಐಪಿಟಿಎಂ ಅಂಕವನ್ನು ಬಂಧದ ಬಲ ಎಂದು ಓದುವುದು ಇನ್ನೊಂದು ದೊಡ್ಡ ತಪ್ಪು. ಒಂದಕ್ಕೆ 0.92, ಇನ್ನೊಂದಕ್ಕೆ 0.88 ಬಂದರೆ ಮೊದಲನೆಯದು ಗಟ್ಟಿಯಾಗಿ ಹಿಡಿಯುತ್ತದೆ ಎಂದರ್ಥವಲ್ಲ. ಅದು ಜ್ಯಾಮಿತಿಯ ಬಗ್ಗೆ ಮಾದರಿಗಿರುವ ಭರವಸೆಯ ಅಳತೆ, ಅಷ್ಟೇ.

ಮಂಡ್ಯ ಸೀಮೆಗೆ ಹತ್ತಿರದ ಉದಾಹರಣೆ ಬೇಕೆನ್ನುವವರು ಭತ್ತದ ಫೋಟೊಲಯೇಸ್ ನೋಡಬೇಕು. ಬಿಸಿಲಿನಿಂದಾದ ಥೈಮಿನ್ ಜೋಡಿಯನ್ನು ಬೆಳಕಿನದೇ ಶಕ್ತಿಯಿಂದ ಬಿಡಿಸುವ ಕಿಣ್ವ ಇದು. ಗಿಡಗಳಲ್ಲಿದೆ, ನಮ್ಮಲ್ಲಿಲ್ಲ, ಮನುಷ್ಯರು ಅದೇ ಹಾನಿಗೆ ನ್ಯೂಕ್ಲಿಯೋಟೈಡ್ ಕತ್ತರಿಸಿ ತೆಗೆಯುವ ಉದ್ದದ ದಾರಿ ಹಿಡಿಯಬೇಕು. ಭತ್ತದ ಈ ಕಿಣ್ವದ ಹರಳು ರಚನೆ 3ಯುಎಂವಿ, 2012ರದ್ದು, ಜಪಾನಿನ ಸಸನಿಶಿಕಿ ತಳಿಯಿಂದ. ಸರ್ವರಿನಲ್ಲಿ ಇದನ್ನು ಮಾಡುವಾಗ ಬೆಳಕಿನ ಶಕ್ತಿಯನ್ನು ಬಳಸಿಕೊಳ್ಳುವ ಸಹಾಯಕ ಅಣು ಎಫ್‌ಎಡಿಯನ್ನು ಪಟ್ಟಿಯಿಂದ ಸೇರಿಸಲೇಬೇಕು. ಬಿಟ್ಟರೆ ನಡುವಿನ ಗೂಡು ಖಾಲಿಯಾಗಿ ಉಳಿಯುತ್ತದೆ, ಮಡಿಕೆ ಮಾತ್ರ ಬಹುಪಾಲು ಹಾಗೇ ಬರುತ್ತದೆ. ಏನೋ ಕೊರತೆಯಿದೆ ಎಂದು ಹೊಸಬರ ಗಮನಕ್ಕೆ ಬಾರದಿರುವುದು ಅದಕ್ಕೇ. ಸೇರಿಸಿದ ಮೇಲೆ ಎಫ್‌ಎಡಿ ಯು ಆಕಾರದಲ್ಲಿ ಮಡಿಚಿಕೊಂಡಿದೆಯೇ, ಅದರ ಅಡೆನಿನ್ ತುದಿ ಮೂರುಂಗುರದ ಐಸೊಅಲಾಕ್ಸಜಿನ್ ಬಳಿಗೆ ಬಂದಿದೆಯೇ ನೋಡಿ. ಫೋಟೊಲಯೇಸ್ ಕುಟುಂಬದ ಗುರುತು ಅದು. ನೇರವಾಗಿ ಚಾಚಿಕೊಂಡಿದ್ದರೆ ಆ ಮಾದರಿಯನ್ನು ಬಿಟ್ಟುಬಿಡಿ.

ತಳಿ ವ್ಯತ್ಯಾಸದ ಪ್ರಶ್ನೆಗೂ ಇದೇ ಕಿಣ್ವ ಒಳ್ಳೆಯ ಪಾಠ. ಸಸನಿಶಿಕಿಯಲ್ಲಿ 126ನೇ ಸ್ಥಾನದಲ್ಲಿ ಗ್ಲುಟಮೀನ್, ಅತಿನೇರಳೆಗೆ ಸೂಕ್ಷ್ಮವಾದ ನೊರಿನ್ 1 ತಳಿಯಲ್ಲಿ ಅದೇ ಜಾಗಕ್ಕೆ ಆರ್ಜಿನಿನ್. ಹೊಲದಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಎರಡೂ ಅನುಕ್ರಮವನ್ನು ಸರ್ವರಿಗೆ ಕೊಟ್ಟರೆ ಹೆಚ್ಚುಕಡಿಮೆ ಒಂದೇ ಚಿತ್ರ ಬರುವ ಸಾಧ್ಯತೆಯೇ ಹೆಚ್ಚು. ಒಂದು ಅಮೈನೋ ಆಮ್ಲ ಬದಲಾದಾಗ ಸ್ಥಿರತೆ, ವೇಗ, ಚಟುವಟಿಕೆ ಏನಾಗುತ್ತದೆಂದು ಹೇಳಲು ಈ ಮಾದರಿಯನ್ನು ಕಟ್ಟಿಲ್ಲ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ಸುತ್ತಮುತ್ತಲ ಭತ್ತದ ತಳಿಗಳ ಮೇಲೆ ಇಂಥ ಹೋಲಿಕೆ ಮಾಡಲು ಹೊರಡುವವರು ಮೊದಲೇ ಇದನ್ನು ತಿಳಿದಿರಬೇಕು: ರಚನೆ ಒಂದೇ ಬಂತು, ಆದ್ದರಿಂದ ವ್ಯತ್ಯಾಸವಿಲ್ಲ ಎಂಬ ತೀರ್ಮಾನ ನಿಲ್ಲುವುದಿಲ್ಲ.

ಕ್ಷಯದ ಬ್ಯಾಕ್ಟೀರಿಯಾದ ರೆಕ್‌ಎ ಪ್ರೋಟೀನಿಗೆ ಕರ್ನಾಟಕದ್ದೇ ಹಿನ್ನೆಲೆ ಇದೆ. ತುಂಡಾದ ಡಿಎನ್‌ಎಯನ್ನು ಹೋಲುವ ಎಳೆಯ ಜೊತೆ ಜೋಡಿಸಿ ಸರಿಪಡಿಸುವ ಈ ಪ್ರೋಟೀನಿನ ಹರಳು ರಚನೆಯನ್ನು 2000ದಲ್ಲಿ ಪ್ರಕಟಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಕೆ. ಮುನಿಯಪ್ಪ ಅವರ ತಂಡಗಳು. ಸರ್ವರಿನಲ್ಲಿ ಇದನ್ನು ಮಾಡುವವರು ಬೀಳುವ ಹಳ್ಳ ಒಂದೇ. ಯುನಿಪ್ರಾಟ್‌ನಲ್ಲಿ ಸಿಗುವ ಅನುಕ್ರಮ 790 ಅಮೈನೋ ಆಮ್ಲದ್ದು. ಅದರ ನಡುವೆ 440 ಅಮೈನೋ ಆಮ್ಲದ ಇಂಟೀನ್ ಇದೆ; ಪ್ರೋಟೀನು ತಯಾರಾದ ಮೇಲೆ ಇಂಟೀನ್ ತನ್ನನ್ನು ತಾನೇ ಕತ್ತರಿಸಿಕೊಂಡು ಹೊರಬೀಳುತ್ತದೆ, ಎರಡು ತುದಿಗಳು ಬೆಸೆದು 350ರ ರೆಕ್‌ಎ ಉಳಿಯುತ್ತದೆ. ಪೂರ್ತಿ ಅನುಕ್ರಮ ಅಂಟಿಸಿದರೆ ಸರ್ವರ್ ಇಂಟೀನನ್ನೂ ನಿಷ್ಠೆಯಿಂದ ಮಡಿಸಿ ಕೊಡುತ್ತದೆ, ರೆಕ್‌ಎಗಳು ಸಾಲಾಗಿ ಡಿಎನ್‌ಎ ಸುತ್ತ ಕಟ್ಟುವ ತಂತು ಬರುವುದಿಲ್ಲ. ಯಾವುದೇ ಪ್ರೋಟೀನಿಗೂ ಯುನಿಪ್ರಾಟ್ ಪುಟದ ಸಂಸ್ಕರಣೆ ವಿಭಾಗ ಓದದೆ ಅನುಕ್ರಮ ನಕಲಿಸಬಾರದು.

ಇಂಟೀನ್ ತೆಗೆದ ಮೇಲೆ ಲೆಕ್ಕ ಹೀಗೆ: ರೆಕ್‌ಎ ತಂತುವಿನ ಒಂದು ಸುತ್ತಿಗೆ ಸುಮಾರು 6 ಪ್ರೋಟೀನು, ಒಂದೊಂದು ಹಿಡಿಯುವುದು 3 ನ್ಯೂಕ್ಲಿಯೋಟೈಡ್. ಹಾಗಾಗಿ ಪ್ರೋಟೀನು 6 ಪ್ರತಿ, ಒಂಟಿ ಎಳೆ ಡಿಎನ್‌ಎ 18, ಎಟಿಪಿ 6, ಮೆಗ್ನೀಸಿಯಂ 6. ಒಟ್ಟು 2310 ಟೋಕನ್, ಧಾರಾಳವಾಗಿ ಹಿಡಿಯುತ್ತದೆ. ಇಲ್ಲಿ ಪೂರಕ ಎಳೆ ಸೇರಿಸಬಾರದು. ಬಂದ ಮಾದರಿಯಲ್ಲಿ ಒಂದು ಸರಪಳಿ ಇನ್ನೊಂದರೊಳಗೆ ಹೊಕ್ಕಿದೆಯೇ ಎಂದು ಮೊದಲು ನೋಡಿ. ಒಂದೇ ಪ್ರೋಟೀನಿನ ಹಲವು ಪ್ರತಿ ಕೊಟ್ಟಾಗ ಸರಪಳಿಗಳು ಒಂದರ ಮೇಲೊಂದು ಬೀಳುವ ದೋಷ ಉಂಟೆಂದು ಮಾದರಿ ಕಟ್ಟಿದವರೇ ಪ್ರಬಂಧದಲ್ಲಿ ಹೇಳಿದ್ದಾರೆ. ಹಾಗೆ ಬಂದರೆ ಸೀಡ್ ಬದಲಿಸಿ ಮತ್ತೆ ನಡೆಸಿ. ಒಂದು ಕೆಲಸದಲ್ಲಿ ಬರುವ 5 ಮಾದರಿಗಳೂ ಒಂದೇ ಸೀಡಿನವು. ಅವು ಪರಸ್ಪರ ಹೊಂದಿಕೊಂಡರೆ ಅದನ್ನು 5 ಸ್ವತಂತ್ರ ಸಾಕ್ಷಿ ಎಂದು ಎಣಿಸಬೇಡಿ.

ರೆಪ್ಲಿಕೇಶನ್ ಕಡೆ ಬಂದರೆ ಸರ್ವರಿನ ಮಿತಿಗಳು ಬೇಗ ಎದುರಾಗುತ್ತವೆ. ಪಾಲಿಮರೇಸ್‌ನ ಬೆರಳು ಭಾಗ ತೆರೆದು ಮುಚ್ಚುವುದರಲ್ಲೇ ಸರಿ ಬೇಸಿನ ಆಯ್ಕೆಯ ಗುಟ್ಟಿದೆ. ಪಿಸಿಆರ್‌ನಲ್ಲಿ ಬಳಸುವ ಟಾಕ್ ಪಾಲಿಮರೇಸ್‌ನ ಎರಡೂ ಸ್ಥಿತಿ 1998ರಿಂದಲೇ ಬ್ಯಾಂಕಿನಲ್ಲಿವೆ: 2ಕೆಟಿಕ್ಯೂ ತೆರೆದದ್ದು, 3ಕೆಟಿಕ್ಯೂ ಮುಚ್ಚಿದ್ದು. ಸರ್ವರ್ ಸಾಮಾನ್ಯವಾಗಿ ಒಂದೇ ಸ್ಥಿತಿಗೆ ಅಂಟಿಕೊಳ್ಳುತ್ತದೆ, ನಡುವಿನ ಚಲನೆ ಕೊಡುವುದಿಲ್ಲ. ಜೊತೆಗೆ ಸಣ್ಣ ಅಣುಗಳ ಪಟ್ಟಿಯಲ್ಲಿ ಎಟಿಪಿ, ಜಿಟಿಪಿ ಇವೆಯೇ ಹೊರತು ಡಿಎನ್‌ಎ ಕಟ್ಟುವ ಡಿಆಕ್ಸಿ ರೂಪಗಳಿಲ್ಲ. ಡಿಎಟಿಪಿ ಬದಲು ಎಟಿಪಿ ಇಟ್ಟುಬಿಡೋಣ ಎಂಬ ಯೋಚನೆ ಬೇಡ. ರೈಬೋಸಿನ 2 ಪ್ರೈಮ್ ಹೈಡ್ರಾಕ್ಸಿಲನ್ನು ತಡೆಯಲೆಂದೇ ಈ ಕುಟುಂಬದ ಪಾಲಿಮರೇಸ್‌ಗಳಲ್ಲಿ ಗ್ಲುಟಮೇಟ್ ಒಂದು ಕಾವಲಿದೆ, ಟಾಕ್‌ನಲ್ಲಿ 615ನೆಯದು, ಇ. ಕೋಲಿ ಪಾಲಿಮರೇಸ್‌ನ ಕ್ಲೆನೊ ತುಣುಕಿನಲ್ಲಿ 710ನೆಯದು. ಎಟಿಪಿ ಇಟ್ಟ ಚಿತ್ರದಲ್ಲಿ ಅದೇ ಜಾಗ ಸುಳ್ಳಾಗುತ್ತದೆ.

ಡಿಎನ್‌ಎಯ ಎರಡು ಎಳೆ ಬಿಡಿಸುವ ಹೆಲಿಕೇಸ್ ನೋಡುವವರಿಗೆ ಗಾತ್ರವೇ ತಡೆ. ಮಾನವನ ಎಂಸಿಎಂ 2ರಿಂದ 7ರವರೆಗಿನ ಆರು ಪ್ರೋಟೀನು ಸೇರಿ 4849 ಅಮೈನೋ ಆಮ್ಲ, ಮಿತಿಯೊಳಗೆ ಇದೆ ಎಂದು ಸಂತೋಷಪಟ್ಟು 6 ಎಟಿಪಿ ಹಾಕಿದರೆ 5035 ಆಗಿ ಬಾಗಿಲು ಮುಚ್ಚುತ್ತದೆ. ಎಡಿಪಿ ಹಾಕಿದರೂ 5011. ಸಿಡಿಸಿ45 ಮತ್ತು ಜಿಐಎನ್‌ಎಸ್ ಸೇರಿದ ಪೂರ್ತಿ ಹೆಲಿಕೇಸ್ ಆದ ಸಿಎಂಜಿ 6200 ದಾಟುತ್ತದೆ. ಎಂಸಿಎಂ2ರ ಆರಂಭದ ಅವ್ಯವಸ್ಥಿತ ಬಾಲ ಕತ್ತರಿಸಿದರೆ ಷಟ್ಕ ಮತ್ತು ಎಟಿಪಿ ಹಿಡಿಯುತ್ತದೆ, ಆದರೆ ಮಾನವ ಸಿಎಂಜಿಯ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ರಚನೆಯೇ 6ಎಕ್ಸ್‌ಟಿಎಕ್ಸ್ ಹೆಸರಿನಲ್ಲಿ 2020ರಿಂದ ಇರುವಾಗ ಆ ಕಸರತ್ತು ಯಾಕೆ? ಅದನ್ನೇ ಇಳಿಸಿಕೊಳ್ಳಿ.

ಎಕ್ಸ್‌ಆರ್‌ಸಿಸಿ1ನಂಥ, ಗಟ್ಟಿ ಡೊಮೇನುಗಳ ನಡುವೆ ಉದ್ದ ಸಡಿಲ ಭಾಗವಿರುವ ಪ್ರೋಟೀನುಗಳಲ್ಲಿ ಕಿತ್ತಳೆ ಬಣ್ಣದ ಭಾಗಕ್ಕೆ ಅರ್ಥ ಹುಡುಕಬೇಡಿ. ಈ ಆವೃತ್ತಿಯಲ್ಲಿ ಅಲ್ಲಿ ಇಲ್ಲದ ಸುರುಳಿಗಳೂ ಹುಟ್ಟಿಕೊಳ್ಳಬಹುದು. ಸತು ಇರುವ ಡೊಮೇನುಗಳಿಗೆ ಸತುವಿನ ಅಯಾನು ಹಾಕುವುದನ್ನು ಮರೆಯಬೇಡಿ. ಪಿಎಆರ್‌ಪಿ1, ಎಕ್ಸ್‌ಪಿಎ ಎರಡಕ್ಕೂ ಬೇಕು. ರಾಮಚಂದ್ರನ್ ನಕ್ಷೆಯ ಬಗ್ಗೆಯೂ ಒಂದು ಮಾತು. ಪ್ರೋಟೀನಿನ ಬೆನ್ನೆಲುಬಿನ ಕೋನಗಳು ಸಾಧ್ಯವೇ ಎಂದು ತೋರಿಸುವ 1963ರ ಆ ನಕ್ಷೆ ನಮ್ಮ ದೇಶದ ಹೆಮ್ಮೆ ನಿಜ, ಆದರೆ ಸರ್ವರಿನ ಮಾದರಿಯನ್ನು ಅದರಲ್ಲಿ ಹಾಕಿ ಶೇಕಡಾ ತೊಂಬತ್ತಕ್ಕೂ ಹೆಚ್ಚು ಒಳ್ಳೆಯ ಭಾಗದಲ್ಲಿದೆ ಎಂದು ತೋರಿಸುವುದರಿಂದ ಏನೂ ಸಾಬೀತಾಗುವುದಿಲ್ಲ. ತಪ್ಪು ಜಾಗದಲ್ಲಿ ಡಿಎನ್‌ಎ ಹಿಡಿದ ಮಾದರಿಯೂ ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ.

ಬಳಕೆಯ ಷರತ್ತುಗಳನ್ನು ಓದದೆ ಒಪ್ಪಿಗೆ ಒತ್ತುವವರೇ ಹೆಚ್ಚು. ವಾಣಿಜ್ಯ ಬಳಕೆ ಸಲ್ಲದು. ಸರ್ವರಿನ ಫಲಿತಾಂಶವನ್ನು ಡಾಕಿಂಗ್ (ಸಣ್ಣ ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆಂದು ಲೆಕ್ಕ ಹಾಕುವ) ತಂತ್ರಾಂಶಗಳಿಗೆ ಉಣಿಸುವುದಕ್ಕೂ ನಿರ್ಬಂಧವಿದೆ. ಗಿಡಮೂಲಿಕೆಯ ಅಣುವೊಂದನ್ನು ಪ್ರೋಟೀನಿಗೆ ಡಾಕ್ ಮಾಡುವ ಪ್ರಾಜೆಕ್ಟುಗಳು ನಮ್ಮ ಕಡೆ ಸಾಕಷ್ಟು ಇರುವುದರಿಂದ ಇದನ್ನು ಒತ್ತಿ ಹೇಳಬೇಕು. ಅಂಥ ಕೆಲಸಕ್ಕೆ ಮೊದಲ ಆಯ್ಕೆ ಬ್ಯಾಂಕಿನ ಪ್ರಯೋಗಸಿದ್ಧ ರಚನೆ; ಅದಿಲ್ಲದಿದ್ದರೆ ಆಲ್ಫಾಫೋಲ್ಡ್ ಡೇಟಾಬೇಸ್. ಯುರೋಪಿನ ಇಎಂಬಿಎಲ್-ಇಬಿಐ ಜೊತೆ ನಡೆಸುವ ಅದರಲ್ಲಿ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹೆಗಳಿವೆ, ಪರವಾನಗಿಯೂ ಮುಕ್ತ.

ರಚನೆಗಳನ್ನು ನೋಡಲು ಕೈಮೆರಾಎಕ್ಸ್ ತಂತ್ರಾಂಶ ಸಾಕು, ಶೈಕ್ಷಣಿಕ ಬಳಕೆಗೆ ಉಚಿತ. ಸರ್ವರಿನ ಕಡತ ಮತ್ತು ಬ್ಯಾಂಕಿನ ರಚನೆ ಎರಡನ್ನೂ ತೆರೆದು ಮ್ಯಾಚ್‌ಮೇಕರ್ ಉಪಕರಣದಿಂದ ಪ್ರೋಟೀನನ್ನು ಮಾತ್ರ ಹೊಂದಿಸಿ, ಆಮೇಲೆ ಡಿಎನ್‌ಎ ಎಷ್ಟು ಸರಿದಿದೆ ಎಂದು ಪ್ರತ್ಯೇಕವಾಗಿ ಅಳೆಯಿರಿ. ಎಲ್ಲವನ್ನೂ ಒಟ್ಟಿಗೆ ಹೊಂದಿಸಿದರೆ ದೊಡ್ಡ ಪ್ರೋಟೀನಿನ ಒಳ್ಳೆಯ ಸಂಖ್ಯೆಯಲ್ಲಿ ಡಿಎನ್‌ಎಯ ತಪ್ಪು ಮುಚ್ಚಿಹೋಗುತ್ತದೆ. ಪಿಎಲ್‌ಡಿಡಿಟಿ ಇರುವುದು ಬಿ-ಫ್ಯಾಕ್ಟರ್ ಅಂಕಣದಲ್ಲಿ; ಬ್ಯಾಂಕಿನ ರಚನೆಯಲ್ಲಿ ಅದೇ ಅಂಕಣದಲ್ಲಿ ಹೆಚ್ಚಿನ ಅಂಕಿ ಎಂದರೆ ಅಲುಗಾಟ ಹೆಚ್ಚು, ಇಲ್ಲಿ ಹೆಚ್ಚಿನ ಅಂಕಿ ಎಂದರೆ ಭರವಸೆ ಹೆಚ್ಚು. ಎರಡಕ್ಕೂ ಒಂದೇ ಬಣ್ಣದ ಕ್ರಮ ಬಳಸಿದರೆ ಅರ್ಥ ತಿರುಗುಮುರುಗಾಗುತ್ತದೆ.

ಸ್ಥಾನ ತಿಳಿಯಲು ಐದಕ್ಕೆ ನಾಲ್ಕೂವರೆ, ಬೇಸಿನ ಆಯ್ಕೆ ಮತ್ತು ಚಲನೆ ತಿಳಿಯಲು ಐದಕ್ಕೆ ಒಂದೂವರೆ, ಇದು ನಮ್ಮ ಅಂಕ. ವರದಿಯ ವಿಧಾನ ಅಧ್ಯಾಯದಲ್ಲಿ ಯುನಿಪ್ರಾಟ್ ಸಂಖ್ಯೆ, ತೆಗೆದುಹಾಕಿದ ಭಾಗಗಳು, ಪ್ರತಿಗಳ ಸಂಖ್ಯೆ, ಡಿಎನ್‌ಎಯ ಎರಡೂ ಎಳೆ, ಮಾರ್ಪಾಡಿನ ಸ್ಥಾನ, ಅಯಾನುಗಳು, ಪ್ರತಿ ಕೆಲಸದ ಸೀಡ್, ನಡೆಸಿದ ದಿನಾಂಕ ಇಷ್ಟನ್ನೂ ಬರೆಯಿರಿ. ಜಿಪ್ ಕಡತದೊಳಗಿನ ಕೋರಿಕೆ ಫೈಲಿನಲ್ಲಿ ಅನುಕ್ರಮ, ಮಾರ್ಪಾಡು, ಸೀಡ್ ದಾಖಲಾಗಿರುತ್ತವೆ. ಅದನ್ನು ಅನುಬಂಧಕ್ಕೆ ಸೇರಿಸಿದರೆ ಪರೀಕ್ಷಕರು ಅದೇ ಕೆಲಸವನ್ನು ತಮ್ಮ ಖಾತೆಯಿಂದ ಮತ್ತೆ ನಡೆಸಿ ನೋಡಬಹುದು.